ಕರೆಯದೆ ಬಿಟ್ಟ ಹೆಸರು

ತಪ್ಕಿಗೆನ್ ಹಾಲು ಮಾರುವ ಗೂಡಂಗಡಿ ನೈರೋಬಿಯಲ್ಲಿ ಲ್ಯಾವಿಂಗ್ಟನ್ ಮುಗಿದು ಕವಾಂಗ್ವಾರೆ ಶುರುವಾಗುವ ತಿರುವಿನಲ್ಲಿದೆ. ರಸ್ತೆಯ ಒಂದು ಕಡೆ ಎತ್ತರದ ಗೋಡೆ, ಗೇಟು, ಗೇಟಿಗೊಬ್ಬ ಕಾವಲಿನವನು. ಇನ್ನೊಂದು ಕಡೆ ತಗಡಿನ ಸೂರು, ಮಟಾಟು ಎಂಬ ಬಾಡಿಗೆ ವ್ಯಾನು ನಿಲ್ಲುವ ಜಾಗ, ಸುಟ್ಟ ಜೋಳದ ಹೊಗೆ. ನಮ್ಮ ಮನೆ ಗೋಡೆಯ ಕಡೆಯದು. ಪ್ಯಾಕೆಟ್ಟಿನ ಹಾಲಿನಲ್ಲಿ ಮೊಸರು ಗಟ್ಟಿಯಾಗುವುದಿಲ್ಲವೆಂದು ಒಂದು ಬೆಳಿಗ್ಗೆ ಪಾತ್ರೆ ಹಿಡಿದು ಗೋಡೆಯಾಚೆ ಹೋದೆ. ಆಕೆ ಕ್ಯಾನಿನ ಮುಂದೆ ಮಣೆಯ ಮೇಲೆ ಕೂತಿದ್ದಳು. ನಾನು ಹಾಲನ್ನು ಉಗುರಿನ ಮೇಲೆ ಬಿಟ್ಟು ನೋಡಿದೆ, ಮೂಸಿದೆ, ಹಸು ಏನು ಮೇಯುತ್ತದೆ, ಹಿಂಡಿದ್ದು ಯಾವಾಗ, ನೀರು ಎಷ್ಟು ಬಿದ್ದಿದೆ ಎಂದೆಲ್ಲ ವಿಚಾರಿಸಿದೆ.

"ಮಾಮಾ, ನೀವು ಹಾಲು ತಗೊಳ್ಳೋಕೆ ಬಂದ್ರೋ, ನಮ್ಮ ಹಸುಗೆ ಗಂಡು ನೋಡೋಕೆ ಬಂದ್ರೋ?" ಎಂದಳು. ಮಾಮಾ ಎಂದರೆ ಇಲ್ಲಿ ಅಮ್ಮ.

ಅಂದಿನಿಂದ ನಮ್ಮ ಸ್ನೇಹ. ನಮ್ಮಿಬ್ಬರ ಮಾತು ಸ್ವಾಹಿಲಿಯಲ್ಲಿ. ಆಕೆಗೂ ಅದು ಮನೆಮಾತಲ್ಲ, ನಾನೂ ಸಂತೆಯಲ್ಲಿ ಕಲಿತವಳು. ಇಬ್ಬರ ತಪ್ಪೂ ಒಂದೇ ಕಡೆ ಬೀಳುತ್ತಿದ್ದರಿಂದ ಚೆನ್ನಾಗಿ ಅರ್ಥವಾಗುತ್ತಿತ್ತು. ಇಲ್ಲಿ ಬರೆಯುವಾಗ ನಮ್ಮ ಮಾತಿಗೆ ತಂದುಕೊಂಡಿದ್ದೇನೆ. ಈ ದೇಶದಲ್ಲಿ ತಾಯಿಯನ್ನು ಮಗುವಿನ ಹೆಸರು ಹಿಡಿದು ಕೂಗುತ್ತಾರೆ. ನನ್ನ ಮಗಳು ವತ್ಸಲಾ, ಹಾಗಾಗಿ ನಾನು ಮಾಮಾ ವತ್ಸಲಾ. ಆಕೆಯ ಮಗ ಕಿಪ್ರುತೊ, ಆಕೆ ಮಾಮಾ ಕಿಪ್ರುತೊ. ತಪ್ಕಿಗೆನ್ ಎಂಬ ಆಕೆಯ ಸ್ವಂತ ಹೆಸರನ್ನು ನಾನು ಕೇಳಿ ತಿಳಿದುಕೊಂಡದ್ದು ಬಹಳ ದಿನಗಳ ಮೇಲೆ.

ಆಕೆಯ ಜನ ಕಲೆಂಜಿನ್. ಪಡುವಣದ ಎತ್ತರದ ನಾಡಿನವರು, ಹಿಂದಿನಿಂದ ದನ ಸಾಕಿ ಬದುಕಿದವರು. ಅವರೊಳಗೆ ಹಲವು ಪಂಗಡ. ಆಕೆಯದು ಕಿಪ್ಸಿಗಿಸ್, ಚಹಾ ತೋಟಗಳಿರುವ ಕೆರಿಚೊ ಕಡೆ. ಹೊರಗಿನವರಿಗೆ ಕಲೆಂಜಿನ್ ಎಂದರೆ ಓಟಗಾರರು. ನನ್ನ ತಪ್ಕಿಗೆನ್‌ಗೆ ಮಂಡಿನೋವು. ರಸ್ತೆ ದಾಟುವಾಗ ನನ್ನ ಕೈ ಹಿಡಿಯುತ್ತಿದ್ದಳು, ನಾನು ಆಕೆಯ ಕೈ ಹಿಡಿಯುತ್ತಿದ್ದೆ, ಮಟಾಟುವಿನವನು ಇಬ್ಬರಿಗೂ ಬೈಯುತ್ತಿದ್ದ. ಹಳೆಯ ಕಾಲದಲ್ಲಿ ಹಿಗ್ಗಿಸಿದ ಕಿವಿಯ ಹಾಲೆ ಭುಜದ ಹತ್ತಿರಕ್ಕೆ ಜೋತಿತ್ತು. ಬಿಸಿಲಲ್ಲಿ ಅದನ್ನು ಮಡಚಿ ಕಿವಿಯ ಮೇಲೆ ಸಿಕ್ಕಿಸಿಕೊಳ್ಳುತ್ತಿದ್ದಳು.

ಹಾಲು ಮಾರಿ ಉಳಿದದ್ದನ್ನು ಆಕೆ ಮುರ್ಸಿಕ್ ಮಾಡುತ್ತಿದ್ದಳು. ಅದು ಅವರ ಮೊಸರು ಎನ್ನಬಹುದು, ಆದರೆ ಹೆಪ್ಪು ಹಾಕುವುದಿಲ್ಲ. ಉದ್ದನೆಯ ಸೋರೆಬುರುಡೆಯನ್ನು ತೊಳೆದು ಒಣಗಿಸಿ, ನಮ್ಮ ತಂಗಡಿಯ ಹಾಗೆ ಹಳದಿ ಹೂ ಬಿಡುವ ಒಂದು ಗಿಡದ ಕೊಂಬೆ ಸುಟ್ಟ ಇದ್ದಿಲನ್ನು ಒಳಗೆಲ್ಲ ತೀಡುತ್ತಾರೆ. ತೀಡಲು ಒಂದು ಉದ್ದನೆಯ ಕಡ್ಡಿ, ತುದಿ ಜಜ್ಜಿ ಕುಂಚ ಮಾಡಿದ್ದು. ಕಾಯಿಸಿ ಆರಿಸಿದ ಹಾಲು ಹೊಯ್ದು ಬಿಗಿಯಾಗಿ ಮುಚ್ಚಿಟ್ಟರೆ ಕೆಲವು ದಿನಕ್ಕೆ ಹುಳಿಯಾಗಿ, ಬೂದಿಬಣ್ಣಕ್ಕೆ ತಿರುಗಿ, ಹೊಗೆಯ ವಾಸನೆ ಹಿಡಿದು ಸಿದ್ಧವಾಗುತ್ತದೆ. ಮೊದಲ ಸಲ ಕುಡಿದಾಗ ನನ್ನ ಮುಖ ನೋಡಿ ಆಕೆ ನಕ್ಕು ನಕ್ಕು ಮಣೆಯಿಂದ ಜಾರಿದಳು.

ಆಕೆಯ ಮನೆ ಅಂಗಡಿಯ ಹಿಂದಿನ ಕಟ್ಟಡದ ಮೇಲಂತಸ್ತಿನಲ್ಲಿ, ಎರಡು ಕೋಣೆ. ಮಗ ಕಿಪ್ರುತೊ ನಗರದ ನಡುವಿನ ಒಂದು ಬ್ಯಾಂಕಿನ ಸಾಹೇಬರಿಗೆ ಕಾರು ಓಡಿಸುತ್ತಾನೆ. ಸೊಸೆ ಮರ್ಸಿಗೆ ಔಷಧದ ಅಂಗಡಿಯಲ್ಲಿ ಕೆಲಸ. ಮುಂದಿನ ಕೋಣೆಯ ಗೋಡೆಗೆ ಒಂದು ಹಳೆಯ ಬುರುಡೆ ತೂಗುತ್ತಿತ್ತು. ಚರ್ಮದ ಪಟ್ಟಿ, ಕುತ್ತಿಗೆಯ ಸುತ್ತ ಕವಡೆ. ಅದರಲ್ಲಿ ಹಾಲು ಹೊಯ್ದದ್ದನ್ನು ನಾನು ನೋಡಿಲ್ಲ. ಆದರೆ ಉಳಿದ ಬುರುಡೆಗಳಿಗೆ ಇದ್ದಿಲು ತೀಡುವ ದಿನ ಅದನ್ನೂ ಇಳಿಸಿ, ಒಳಗೆ ತೀಡಿ, ಖಾಲಿಯಾಗಿಯೇ ಮತ್ತೆ ತೂಗುಹಾಕುತ್ತಿದ್ದಳು. "ಅದಕ್ಕೇಕೆ ಹಾಲಿಲ್ಲ?" ಎಂದರೆ, "ಅದು ಹಾಗೇ ಇರೋದು," ಎನ್ನುತ್ತಿದ್ದಳು.

ಮರ್ಸಿಗೆ ಹೆಣ್ಣುಮಗು ಹುಟ್ಟಿತು. ಹಗಲು ಹುಟ್ಟಿದ್ದರಿಂದ ಚೆಬೆತ್ ಎಂದರು, ಹೊತ್ತು ನೋಡಿ ಇಡುವ ಹೆಸರು ಅದು. ಆದರೆ ಅವರಲ್ಲಿ ಅಷ್ಟಕ್ಕೆ ಮುಗಿಯುವುದಿಲ್ಲ. ತೀರಿಕೊಂಡ ಹಿರಿಯರಲ್ಲಿ ಒಬ್ಬರು ಮಗುವಿನೊಳಕ್ಕೆ ಮರಳಿ ಬರುತ್ತಾರೆ, ಯಾರು ಬಂದರೆಂದು ತಿಳಿಯಬೇಕು. ಅದಕ್ಕೆ ತಂದೆಯ ಕಡೆಯ ಹಿರಿಯ ಹೆಂಗಸರು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಸತ್ತವರ ಹೆಸರುಗಳನ್ನು ಒಂದೊಂದಾಗಿ ಕರೆಯುತ್ತಾರೆ. ಯಾವ ಹೆಸರಿಗೆ ಮಗು ಸೀನುತ್ತದೋ ಆ ಹಿರಿಯರೇ ಬಂದದ್ದು. ಮಗು ಬೇಗ ಸೀನಲೆಂದು ಮೂಗಿನ ಹತ್ತಿರ ಚಿಟಿಕೆ ನಶ್ಯ ಆಡಿಸುವುದೂ ಉಂಟು.

ಕೇಳಿ ನನಗೆ ವಿಚಿತ್ರವೆನಿಸಿತು. ನಮ್ಮಲ್ಲಿ ಹೊರಡುವಾಗ ಒಂಟಿ ಸೀನು ಬಿದ್ದರೆ ಚಪ್ಪಲಿ ಬಿಚ್ಚಿ, ಕೂತು, ನೀರು ಕುಡಿದು ಹೊರಡಬೇಕು. ಇವರಲ್ಲಿ ಸೀನಿನಿಂದಲೇ ಬಾಳು ಶುರು.

ನನ್ನನ್ನೂ ಕರೆದಿದ್ದಳು. ನಾನಿರುವಲ್ಲಿ ಅವರೆಲ್ಲ ಸ್ವಾಹಿಲಿಯಲ್ಲೇ ಮಾತಾಡುತ್ತಿದ್ದರು. ನೆರೆಹೊರೆಯ ಕೆರಿಚೊ ಕಡೆಯ ನಾಲ್ಕಾರು ಹೆಂಗಸರು, ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಕಿಪ್ರುತೊ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದ. ತಪ್ಕಿಗೆನ್ ಹೆಸರು ಕರೆಯುತ್ತ ಹೋದಳು. ಅವಳ ಮಡಿಲ ಪಕ್ಕದಲ್ಲೇ ಕೂತಿದ್ದ ನನ್ನ ಮೂಗಿಗೆ ನಶ್ಯ ಏರಿ, ಯಾವುದೋ ಮುತ್ತಜ್ಜಿಯ ಹೆಸರಿಗೆ ನಾನೇ ಜೋರಾಗಿ ಸೀನಿಬಿಟ್ಟೆ. ಮೂಲೆಯಲ್ಲಿದ್ದ ಮುದುಕಿಯೊಬ್ಬಳು, "ಅಯ್ಯೋ, ಅಜ್ಜಿ ದಾರಿ ತಪ್ಪಿ ಇಂಡಿಯಾದವಳೊಳಗೆ ಹೊಕ್ಕಳು!" ಎಂದಳು. ನಗು ನಿಲ್ಲಲು ಬಹಳ ಹೊತ್ತಾಯಿತು. ಆ ನಗುವಿನ ನಡುವೆಯೇ ಮಗು, ಚೆಲಂಗತ್ ಎಂಬ ಹೆಸರು ಕರೆದಾಗ, ಸಣ್ಣದಾಗಿ ಸೀನಿತು. ಚೆಲಂಗತ್ ಎಂದರೆ ತಪ್ಕಿಗೆನ್‌ಳ ಗಂಡನ ಸೋದರತ್ತೆ, ದೊಡ್ಡ ಬಾಳು ಬಾಳಿ ಸತ್ತವಳು. ಹೆಂಗಸರು ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕಿದರು. ಬುರುಡೆಯ ಹಾಲು ಎಲ್ಲರಿಗೂ ಸುತ್ತು ಬಂತು.

ಆಮೇಲೆ ಮಗು ಅಳಲು ಹಿಡಿಯಿತು.

ಎಲ್ಲ ಮಕ್ಕಳೂ ಅಳುತ್ತವೆ. ಇದು ಹಾಗಲ್ಲ. ಹಾಲು ಕುಡಿದ ಕೂಡಲೇ ಬೆನ್ನು ಬಿಲ್ಲಿನಂತೆ ಬಗ್ಗಿಸಿ, ಮುಖ ಕಪ್ಪಿಟ್ಟು, ಕುಡಿದದ್ದನ್ನೆಲ್ಲ ಕಕ್ಕಿ ಅಳುವುದು. ಅಂಗಡಿಯಲ್ಲಿ ಹಾಲು ಅಳೆಯುವಾಗ ಮೇಲಿನಿಂದ ಅಳು ಕೇಳಿದರೆ ತಪ್ಕಿಗೆನ್‌ಳ ಅಳತೆ ತಪ್ಪಿ ಹಾಲು ಚೆಲ್ಲುತ್ತಿತ್ತು. ನಾನು ವತ್ಸಲಾಗೆ ಹೇಳಿದೆ. ಅವಳು ಡಾಕ್ಟರು. ಆಸ್ಪತ್ರೆಯಿಂದ ಬರುತ್ತ ದಾರಿಯಲ್ಲೇ ಅವರ ಮೆಟ್ಟಿಲು ಹತ್ತಿ ಹೋಗಿ ನೋಡಿದಳು.

"ರಿಫ್ಲಕ್ಸ್ ಅಮ್ಮಾ. ಹಾಲು ಮೇಲಕ್ಕೆ ಬರ್ತಿದೆ. ಫೀಡ್ ಆದ್ಮೇಲೆ ಭುಜದ ಮೇಲೆ ನೆಟ್ಟಗೆ ಹಿಡ್ಕೊಂಡಿರ್ಲಿ, ಮಲಗಿಸಬಾರದು. ಕೆಲವು ತಿಂಗಳಿಗೆ ತಾನೇ ಸರಿಹೋಗುತ್ತೆ. ಆದ್ರೆ ವೇಟ್ ಕಮ್ಮಿ ಇದೆ. ವಾರ ವಾರ ತೋರಿಸ್ಲೇಬೇಕು, ನೀನು ನೆನಪು ಮಾಡ್ತಿರು," ಎಂದಳು. ಔಷಧವನ್ನೂ ಬರೆದುಕೊಟ್ಟಳು. ಮರ್ಸಿ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದಳು. ಅಳು ಸ್ವಲ್ಪ ಇಳಿಯಿತು, ನಿಲ್ಲಲಿಲ್ಲ.

ಅಷ್ಟರಲ್ಲಿ ಮರ್ಸಿಯ ತಾಯಿ ತಬಿತಾ ಬೊಮೆತ್‌ನಿಂದ ಬಂದಳು. ದೊಡ್ಡ ಮೈ, ದೊಡ್ಡ ಗಂಟಲು, ಊರ ಚರ್ಚಿನಲ್ಲಿ ಹಾಡಿಸುವವಳು. ಬಂದವಳೇ ಬೀಗಿತ್ತಿಯನ್ನು ಎತ್ತಿ ಇಳಿಸಲು ಶುರು ಮಾಡಿದಳು.

"ಮಾಮಾ ಕಿಪ್ರುತೊ, ಇದು ಮುರ್ಸಿಕ್ಕೋ, ಇದ್ದಿಲು ತೊಳೆದ ನೀರೋ?"

"ಕುಡಿಯೋಕೆ ಮುಂಚೆ ಕೇಳ್ಬೇಕಿತ್ತು. ಬುರುಡೆ ಖಾಲಿಯಾದ್ಮೇಲೆ ಕೇಳ್ತಿದ್ದೀರಿ," ಎನ್ನುತ್ತಿದ್ದಳು ತಪ್ಕಿಗೆನ್.

"ನೈರೋಬಿಗೆ ಬಂದು ನಿಮ್ಮ ಕೈ ಕೆಟ್ಟಿದೆ. ನನ್ನ ಮಗಳು ಸೊರಗಿರೋದು ಸುಮ್ನೆ ಅಲ್ಲ."

"ನಿಮ್ಮ ಮಗಳು ಸೊರಗಿಲ್ಲ. ನಿಮ್ಮ ಪಕ್ಕದಲ್ಲಿ ನಿಂತ್ರೆ ಯಾರಾದ್ರೂ ಸೊರಗಿದ ಹಾಗೇ ಕಾಣ್ತಾರೆ."

ನಮ್ಮ ಕಡೆ ಮದುವೆಯಲ್ಲಿ ಬೀಗರಿಗೆ ಬೈದು ಹಾಡುವುದು ನೆನಪಾಗಿ ನನಗೆ ಖುಷಿಯಾಗುತ್ತಿತ್ತು. ಅವರಿಬ್ಬರ ಬೈಗುಳದ ನಡುವೆ ಮಗುವಿನ ಅಳು ಸ್ವಲ್ಪ ಹಗುರಾದಂತೆ ಅನಿಸುತ್ತಿತ್ತು. ಆದರೆ ತಬಿತಾ ಒಂದು ದಿನ ತಮಾಷೆ ಬಿಟ್ಟು ಹೇಳಿದಳು.

"ಡಾಕ್ಟರ್ ಹೇಳಿದ್ದು ಸರಿ, ಅವರ ಔಷಧ ಅವರು ಕೊಡ್ಲಿ. ಆದ್ರೆ ಈ ಅಳು ನಂಗೊತ್ತು. ಹೆಸರು ತಪ್ಪಿದೆ. ಯಾರೋ ಬಾಗಿಲಾಚೆ ನಿಂತಿದ್ದಾರೆ, ಅವರನ್ನ ಕರೀದೆ ಬೇರೆಯವರನ್ನ ಒಳಗೆ ಕೂರಿಸಿದ್ದೀರಿ. ಮತ್ತೆ ಕರೀಬೇಕು. ಯಾರನ್ನ ಬಿಟ್ರಿ ಮಾಮಾ ಕಿಪ್ರುತೊ?"

"ಯಾರನ್ನೂ ಬಿಟ್ಟಿಲ್ಲ," ಎಂದಳು ತಪ್ಕಿಗೆನ್.

ಅವರಲ್ಲಿ ಹಾಗೆ ನಂಬಿಕೆ. ಹೆಸರಿಟ್ಟ ಮೇಲೂ ಮಗು ಕಾಯಿಲೆ ಬಿದ್ದು ಅಳುತ್ತಲೇ ಇದ್ದರೆ, ಬಂದ ಹಿರಿಯರು ಬೇರೆ, ಕರೆದ ಹೆಸರು ಬೇರೆ ಎಂದು ತಿಳಿದು ಹೆಸರು ಬದಲಿಸುತ್ತಾರೆ. ಚರ್ಚಿಗೆ ಹೋಗುವವರೂ ಇದನ್ನು ಬಿಟ್ಟಿಲ್ಲ. ಬರುವ ಭಾನುವಾರ ಚರ್ಚು ಮುಗಿದ ಮೇಲೆ ಮತ್ತೆ ಕರೆಯುವುದೆಂದು ತಬಿತಾ ತಾನೇ ನಿಶ್ಚಯಿಸಿದಳು.

ಮರುದಿನ ನಾನು ಹಾಲಿಗೆ ಹೋದಾಗ ತಪ್ಕಿಗೆನ್ ನನ್ನ ಪಾತ್ರೆ ತುಂಬಿಸಿ, ಕೈಯಿಂದ ಬಿಡಲಿಲ್ಲ.

"ಕೂತ್ಕೊಳ್ಳಿ ಮಾಮಾ ವತ್ಸಲಾ. ನೀವು ನಮ್ಮವರಲ್ಲ, ಅದಕ್ಕೇ ನಿಮಗೆ ಹೇಳ್ಬಹುದು. ನೀವು ಹೆದರಲ್ಲ."

ಆಕೆ ಹೇಳಿದ್ದನ್ನು ಆಕೆ ಹೇಳಿದ ಕ್ರಮದಲ್ಲೇ ಬರೆಯುತ್ತೇನೆ.

ಬಿಟ್ಟ ಹೆಸರು ಕೊಬಿಲೊ. ತಪ್ಕಿಗೆನ್‌ಳ ಗಂಡನ ತಾಯಿ. ಆ ಮನೆಯವರು ತಲಾಯ್ ಎಂಬ ಕುಲ, ಸಿಂಹ ಅವರ ಕುಲದ ಗುರುತು. ಆ ಕುಲದ ಹಿರಿಯರು ಮುಂದಾಗುವುದನ್ನು ಹೇಳುವವರು, ಮಳೆಗೆ ಬೇಡುವವರು, ಕಾಳಗಕ್ಕೆ ಹೋಗುವವರನ್ನು ಹರಸಿ ಕಳಿಸುವವರು. ಅವರ ಬಾಯಿಂದ ಒಂದು ಮಾತು ಹೊರಟರೆ ನಾಡೇ ಎದ್ದೀತೆಂದು ಬ್ರಿಟಿಷರಿಗೆ ಭಯ. ಮೂವತ್ತನಾಲ್ಕನೆಯ ಇಸವಿಯಲ್ಲಿ ಕಾನೂನು ಮಾಡಿ, ಗಂಡಸು ಹೆಂಗಸು ಮಕ್ಕಳೆನ್ನದೆ ಎಬ್ಬಿಸಿ, ದೊಡ್ಡ ಸರೋವರದ ದಡದ ಗ್ವಾಸ್ಸಿ ಎಂಬಲ್ಲಿಗೆ ಅಟ್ಟಿದರು. ತಂಪು ನಾಡಿನ ಜನ ಬಿಸಿಲ ಕೊಂಪೆಯಲ್ಲಿ ಬಿದ್ದರು. ಅಲ್ಲಿಯ ನೊಣ ಕಚ್ಚಿ ದನ ಸತ್ತವು. ಕೊಬಿಲೊ ಆಗ ಹೊಸ ಮದುವಣಗಿತ್ತಿ, ಹೋಗುವಾಗ ಕೈಯಲ್ಲಿ ಹಿಡಿದದ್ದು ತೌರಿನವರು ಕೊಟ್ಟ ಹಾಲಿನ ಬುರುಡೆ. ಗ್ವಾಸ್ಸಿಯಲ್ಲಿ ಅದಕ್ಕೆ ಹೊಯ್ಯಲು ಹಾಲಿಲ್ಲ. ಆದರೂ ಸಿಕ್ಕ ಕಟ್ಟಿಗೆಯ ಇದ್ದಿಲು ತೀಡಿ ತೀಡಿ ಇಡುತ್ತಿದ್ದಳಂತೆ, ಹಿಂದಿರುಗಿದ ದಿನ ಬುರುಡೆ ವಾಸನೆ ಹೊಡೆಯಬಾರದಲ್ಲ ಎಂದು. ಸ್ವಾತಂತ್ರ್ಯ ಬರುವ ಹೊತ್ತಿಗೆ ಅವರನ್ನು ಬಿಟ್ಟರು. ಅದಕ್ಕೆ ಸ್ವಲ್ಪ ಮೊದಲೇ ಅವಳು ತೀರಿಕೊಂಡಿದ್ದಳು. ಅಲ್ಲೇ ಮಣ್ಣು ಮಾಡಿ, ಮಗ ಬುರುಡೆಯನ್ನು ಮಾತ್ರ ತಂದ.

"ವಾಪಸ್ ಬಂದ್ರೆ ಜಮೀನು ಬೇರೆಯವರ ಕೈಲಿ," ಎಂದಳು ತಪ್ಕಿಗೆನ್. "ಹೋಗ್ಲಿ ಅಂದ್ರೆ ನಮ್ಮ ಜನಾನೂ ಹತ್ತಿರ ಸೇರಿಸ್ಲಿಲ್ಲ. ಬಿಳಿಯರಿಗೆ ಇದ್ದ ಭಯಾನೇ ಇವರಿಗೂ. ಅವರ ಬಾಯಿ ಕೆಟ್ಟದ್ದು, ಅಂದಿದ್ದು ಆಗುತ್ತೆ ಅಂತ. ಹೆಣ್ಣು ಕೊಡಲ್ಲ, ತರಲ್ಲ. ನನ್ನಪ್ಪ ನನ್ನ ಮದುವೆ ದಿನ ಮನೇಲಿರ್ಲಿಲ್ಲ. ನನ್ನ ಗಂಡ ಬಾಳಿದಷ್ಟು ದಿನ ಒಂದು ಜೋರು ಮಾತಾಡಿದವನಲ್ಲ. ಸಿಟ್ಟು ಬಂದ್ರೆ ಹುಲ್ಲಿನ ಎಸಳು ಬಾಯಿಗೆ ಹಾಕ್ಕೊಂಡು ಅಗೀತಿದ್ದ. ನೆರೆಯವನ ಕರು ನಮ್ಮ ಜೋಳ ತಿಂದ್ರೆ 'ಒಳ್ಳೇದಾಗ್ಲಿ ಅಣ್ಣಾ' ಅಂತಿದ್ದ. ಆ ಒಳ್ಳೇದಾಗ್ಲಿಗೂ ನೆರೆಯವನು ನಡುಗ್ತಿದ್ದ."

ಕಿಪ್ರುತೊಗೆ ಮರ್ಸಿಯನ್ನು ಕೇಳಲು ಹೋದಾಗ, ನಮ್ಮಲ್ಲಿ ಗೋತ್ರ ಕೇಳಿದಂತೆ, ಯಾವ ಕುಲ ಎಂದು ಕೇಳಿದರು. ಮಾತಾಡಲು ಹೋಗಿದ್ದವನು ತಪ್ಕಿಗೆನ್‌ಳ ಅಣ್ಣ. ಜೇನುಹುಳುವಿನ ಕುಲ ಎಂದ. ಅದು ಅಣ್ಣತಂಗಿಯರ ಕುಲ, ಕಿಪ್ರುತೊವಿನದಲ್ಲ. ತಪ್ಕಿಗೆನ್ ಪಕ್ಕದಲ್ಲೇ ಕೂತು ತಲೆಯಾಡಿಸಿದಳು. ಕಿಪ್ರುತೊ ಹೆಂಡತಿಗೆ ಇಂದಿಗೂ ಹೇಳಿಲ್ಲ.

"ಹಾಗಾದ್ರೆ ಕೊಬಿಲೊ ಅಂತ ಹೆಸರು ಮಾತ್ರ ಕರೀರಿ. ಗ್ವಾಸ್ಸಿ ಸುದ್ದಿ ಎತ್ತಬೇಡಿ," ಎಂದೆ ನಾನು.

"ಅತ್ತೆ ಮನೆ ಪದ್ಧತಿ ಹಾಗಲ್ಲ. ಎಲ್ಲಿ ಮಲಗಿದ್ದಾರೋ ಆ ಜಾಗ ಹೇಳಿ ಎಬ್ಬಿಸ್ಬೇಕು. ಕೊಬಿಲೊ ಅನ್ನೋರು ಬೇಕಾದಷ್ಟು ಜನ ಇದ್ದಾರೆ, ಬರೀ ಹೆಸರು ಕೂಗಿದ್ರೆ ಯಾರು ಬರ್ತಾರೆ? ಅವಳೇ ಬರಲ್ಲ. ಬದುಕಿದ್ದಾಗ ಊರಿಗೆ ಬರೋಕೆ ಬಿಡ್ಲಿಲ್ಲ. ಸತ್ತ ಮೇಲೂ ನಾನು ಬಾಗಿಲು ಹಾಕಿದ್ದೀನಿ." ಆಕೆ ನನ್ನ ಪಾತ್ರೆಯನ್ನು ಬಿಟ್ಟಳು. "ಕರೆದ್ರೆ ಸೊಸೆ ಹೋಗ್ತಾಳೆ, ಮಗು ತಗೊಂಡು. ಕರೀದಿದ್ರೆ ಮಗೂನೇ ಹೋಗುತ್ತೇನೋ."

ವತ್ಸಲಾ ಹೇಳಿದ್ದನ್ನು ಮತ್ತೆ ಹೇಳಿದೆ, ಕೆಲವು ತಿಂಗಳು ಕಳೆದರೆ ಸರಿಹೋಗುತ್ತದೆ ಎಂದು. ಆಕೆ ತಲೆಯಾಡಿಸಿದಳು. ಡಾಕ್ಟರ ಮಾತನ್ನು ಆಕೆ ಒಂದು ದಿನವೂ ಅಲ್ಲಗಳೆದವಳಲ್ಲ. ಆದರೆ ಮಗುವಿನ ಕೈ ಕಡ್ಡಿಯಾಗಿದ್ದನ್ನು ನಾನೂ ನೋಡಿದ್ದೆ.

ಭಾನುವಾರ ಹೋದೆ. ಈ ಸಲ ನಶ್ಯ ಬೇಡವೆಂದು ತಬಿತಾ ಹೇಳಿದ್ದಳು. ಕೋಣೆಯಲ್ಲಿ ತಪ್ಕಿಗೆನ್, ತಬಿತಾ, ಮರ್ಸಿ, ಹಿಂದಿನ ಸಲ ನನ್ನನ್ನು ಗೇಲಿ ಮಾಡಿದ ಮುದುಕಿ, ನಾನು. ಕಿಪ್ರುತೊ ಎಂದಿನಂತೆ ಹೊರಗೆ ಮೆಟ್ಟಿಲ ಮೇಲೆ. ಮಗು ತಪ್ಕಿಗೆನ್‌ಳ ತೊಡೆಯ ಮೇಲೆ ಬೆನ್ನು ಬಗ್ಗಿಸಿ ಅಳುತ್ತಿತ್ತು. ಆಕೆ ಹೆಸರು ಕರೆದಳು, ಜಾಗ ಹೇಳಿದಳು, ನಿಂತಳು. ಅಳು. ಮತ್ತೊಂದು ಹೆಸರು. ಅಳು. ಚೆಲಂಗತ್ ಎಂಬ ಹೆಸರಿಗೂ ಅಳುವೇ. ಹೆಸರುಗಳು ಮುಗಿದವು.

"ಇನ್ಯಾರು?" ಎಂದಳು ತಬಿತಾ.

ತಪ್ಕಿಗೆನ್ ಗೋಡೆಯ ಬುರುಡೆಯನ್ನು ನೋಡುತ್ತಿದ್ದಳು.

"ಇನ್ಯಾರು ಮಾಮಾ ಕಿಪ್ರುತೊ? ನಿಮ್ಮ ಗಂಡನ ಹೆತ್ತ ತಾಯಿಯ ಹೆಸರು ನಾನು ಈವರೆಗೆ ಕೇಳೇ ಇಲ್ಲ. ಅವಳಿಗೇನು ಹೆಸರಿರ್ಲಿಲ್ವಾ?"

ಹೊರಗಿನಿಂದ ಕಿಪ್ರುತೊ, "ಅಮ್ಮಾ, ಸಾಕು. ಬಿಟ್ಬಿಡು," ಎಂದ.

ತಪ್ಕಿಗೆನ್ ಮಗುವನ್ನು ಎತ್ತಿ ಭುಜಕ್ಕೆ ಹಾಕಿಕೊಂಡು, ಬಾಗಿಲ ಕಡೆ ಮುಖ ಮಾಡಿ ಹೇಳಿದಳು. ಅವರ ಭಾಷೆಯಲ್ಲಿ ಹೇಳಿದ್ದು. ಎರಡು ಮಾತು ಮಾತ್ರ ನನಗೆ ತಿಳಿಯಿತು, ಕೊಬಿಲೊ ಮತ್ತು ಗ್ವಾಸ್ಸಿ. ಉಳಿದದ್ದನ್ನು ಆಮೇಲೆ ಆಕೆಯೇ ಹೇಳಿದಳು: "ಕೊಬಿಲೊ, ಗ್ವಾಸ್ಸಿಯಲ್ಲಿ ಮಲಗಿರುವವಳೇ, ನೀನಾದರೆ ಒಳಗೆ ಬಾ. ಅಂಗಳದಲ್ಲಿ ನಿಲ್ಲಬೇಡ."

ಮಗು ಅಳು ನಿಲ್ಲಿಸಿ ಉಸಿರೆಳೆಯಿತು. ಸೀನಿತು.

ನಾನು ಅಭ್ಯಾಸಬಲದಿಂದ "ನೂರು ಕಾಲ ಬಾಳು" ಎಂದೆ. ತಪ್ಕಿಗೆನ್ ಒಬ್ಬಳೇ ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕಿದಳು. ಅದಕ್ಕೆ ಇತರರು ದನಿ ಕೂಡಿಸಬೇಕು. ಮುದುಕಿ ನೆಲ ನೋಡುತ್ತಿದ್ದಳು. ತಪ್ಕಿಗೆನ್ ಎರಡನೆಯ ಸಲ ಕೂಗಿದಳು, ಅರ್ಧಕ್ಕೇ ಉಸಿರು ಸಾಲದೆ ನಿಂತಿತು.

"ಗ್ವಾಸ್ಸಿ?" ಎಂದಳು ಮರ್ಸಿ. "ಅಲ್ಯಾಕೆ? ನಮ್ಮವರು ಯಾರು ಅಲ್ಲಿ?"

ತಬಿತಾಗೆ ಕೂಡಲೇ ತಿಳಿದಿತ್ತು, ಗ್ವಾಸ್ಸಿಯಲ್ಲಿ ಮಲಗಿದವರೆಂದರೆ ತಲಾಯ್ ಕುಲದವರೇ ಎಂದು. ಅವಳೀಗ ಗಂಟಲ ನರ ಉಬ್ಬಿಸಿ ಕಿರುಚುತ್ತಾಳೆ, ಸುಳ್ಳು ಹೇಳಿ ಮಗಳನ್ನು ತಂದಿರೆಂದು ಬೀದಿಗೆ ಕೇಳುವಂತೆ ಬೈಯುತ್ತಾಳೆ ಎಂದು ನಾನು ಸೆರಗು ಹಿಡಿದುಕೊಂಡು ಕಾದೆ. ತಪ್ಕಿಗೆನ್ ಕೂಡ ಅದಕ್ಕೇ ಕಾದಂತಿತ್ತು, ತಲೆ ತಗ್ಗಿಸಿದ್ದಳು.

ತಬಿತಾ ಎದ್ದಳು. ಲಂಗ ಸರಿಮಾಡಿಕೊಂಡಳು. ಬಹಳ ಮೆತ್ತಗೆ, "ಒಳ್ಳೇ ಹೆಸರು ಬಂತು. ದೇವರು ನಿಮಗೆ ಒಳ್ಳೇದು ಮಾಡ್ಲಿ, ಮಾಮಾ ಕಿಪ್ರುತೊ. ನಾನು ಈ ಮನೇಲಿ ಏನಾದ್ರೂ ಹೆಚ್ಚು ಕಡಿಮೆ ಮಾತಾಡಿದ್ರೆ ಮನಸ್ಸಿನಲ್ಲಿಟ್ಕೋಬೇಡಿ," ಎಂದಳು.

ಬುರುಡೆಯ ಹಾಲು ಬಂದಾಗ ಎರಡು ಕೈಯಲ್ಲಿ ತೆಗೆದುಕೊಂಡು, ತುಟಿಗೆ ಮುಟ್ಟಿಸಿ, ಕುಡಿಯದೆ ಮುಂದಕ್ಕೆ ಕೊಟ್ಟಳು. ನಾನು ನೋಡಿದೆ. ತಪ್ಕಿಗೆನ್ ಕೂಡ ನೋಡಿದಳು.

ಮರುದಿನ ಬೆಳಿಗ್ಗೆ ತಬಿತಾ ಊರಿಗೆ ಹೊರಟಳು. ಮಗಳನ್ನು ಕರೆದಳಂತೆ. ಮರ್ಸಿ ಹೋಗಲಿಲ್ಲ. ಗಂಡನ ಜೊತೆ ಅವಳ ಜಗಳ ಮಾತ್ರ ಗೋಡೆಯಾಚೆಗೂ ಕೇಳುವಂತೆ ನಡೆಯಿತು, ಮುಚ್ಚಿಟ್ಟವನು ಅವನಲ್ಲವೆ. "ಸಿಂಹ ಆದ್ರೇನು, ಹುಳ ಆದ್ರೇನು, ನನ್ನ ಹತ್ರ ಯಾಕೆ ಮುಚ್ಚಿಟ್ಟೆ?" ಎಂದು ಅವಳು ಕಿರುಚಿದ್ದನ್ನು ತಪ್ಕಿಗೆನ್ ಮೆಟ್ಟಿಲ ಕೆಳಗೆ ನಿಂತು ಕೇಳಿದಳು. ಹೋಗದೆ ಉಳಿದಳಲ್ಲ ಎಂದು ನಾನು ಸಮಾಧಾನ ಹೇಳಿದೆ.

"ಉಳಿದಳು," ಎಂದಳು. "ಆದ್ರೆ ಅವನಿಗೆ ಬೈತಾಳೆ, ನಂಗೆ ಬೈಯಲ್ಲ."

ಏನೆಂದು ನನಗೆ ತಿಳಿಯಲಿಲ್ಲ. ದಿನ ಹೋದಂತೆ ತಿಳಿಯಿತು. ಮೊದಲು ಮರ್ಸಿ ಅತ್ತೆಗೆ ಎದುರು ಮಾತಾಡುತ್ತಿದ್ದಳು, ಉಪ್ಪು ಹೆಚ್ಚಾಯಿತು ಎನ್ನುತ್ತಿದ್ದಳು, ಮಗುವಿಗೆ ಅಷ್ಟು ಬಟ್ಟೆ ಸುತ್ತಬೇಡಿ ಎಂದು ಕಿತ್ತು ತೆಗೆಯುತ್ತಿದ್ದಳು. ಈಗ ಎಲ್ಲದಕ್ಕೂ, "ಹೂಂ ಮಾಮಾ. ನೀವು ಹೇಳಿದ ಹಾಗೆ ಮಾಮಾ." ಕೆಲಸದಿಂದ ಬರುತ್ತ ಹಣ್ಣು ತರುತ್ತಾಳೆ. ಅತ್ತೆ ಕೆಮ್ಮಿದರೆ ಎದ್ದು ನಿಲ್ಲುತ್ತಾಳೆ. ಮದುವೆಯಾಗಿ ಹೋದವಳಿಗೂ ಆ ಕುಲದ ಬಾಯಿ ಅಂಟಿಕೊಳ್ಳುತ್ತದೆಂದು ಅವರಲ್ಲಿ ಕೆಲವರ ಭಯ. ಅಂಗಡಿಗೆ ಬರುವ ಕೆರಿಚೊ ಕಡೆಯ ಗಿರಾಕಿಗಳೂ ಚೌಕಾಸಿ ಬಿಟ್ಟರು. ಹಾಲು ತೆಳ್ಳಗಿದೆ ಎಂದು ಈಗ ಹೇಳುವವಳು ನಾನೊಬ್ಬಳೇ. ಗೇಲಿ ಮಾಡುತ್ತಿದ್ದ ಆ ಮುದುಕಿ ರಸ್ತೆಯ ಆಚೆ ಬದಿಯಿಂದಲೇ ಕೈ ಮುಗಿಯುವಂತೆ ನಮಸ್ಕಾರ ಹೇಳಿ ಹೋಗುತ್ತಿದ್ದಳು.

ತಬಿತಾ ತಪ್ಪದೆ ಫೋನು ಮಾಡುತ್ತಿದ್ದಳು. ಮೊದಲ ಮಾತು ಆರೋಗ್ಯ, ಎರಡನೆಯದು ಹಾರೈಕೆ, ಮೂರನೆಯದು ಬೀಳ್ಕೊಡುಗೆ.

"ನನ್ನ ಗಂಡ ಇದ್ರಲ್ಲೇ ಬಾಳಿದ," ಎಂದಳು ತಪ್ಕಿಗೆನ್. "ಅವನ ಬಾಯಲ್ಲಿ ಯಾವಾಗ್ಲೂ ಹುಲ್ಲು ಯಾಕಿತ್ತು ಅಂತ ನಂಗೆ ಈಗ ಗೊತ್ತಾಗ್ತಿದೆ. ಬೈದ್ರೆ ಮುಖ ಒರೆಸ್ಕೊಂಡು ಒಳಗೆ ಹೋಗ್ಬಹುದು. ಇದಕ್ಕೆ ಏನು ಮಾಡೋದು?"

ಮಗು ದಿನದಿಂದ ದಿನಕ್ಕೆ ಸುಧಾರಿಸಿತು. ವತ್ಸಲಾ ಹೇಳಿದ್ದ ಹೊತ್ತಿಗೇ ಸುಧಾರಿಸಿತು, ಹೆಸರು ಕರೆದ ಮೇಲೂ ಸುಧಾರಿಸಿತು. ಯಾವುದರಿಂದ ಎಂದು ನನ್ನನ್ನು ಕೇಳಿದರೆ ನನಗೆ ಗೊತ್ತಿಲ್ಲ. ತೂಕ ಏರಿತು. ಕೆನ್ನೆ ತುಂಬಿತು. ಅದನ್ನು ಕೊಬಿಲೊ ಎಂದು ಕರೆಯುತ್ತಿದ್ದವಳು ತಪ್ಕಿಗೆನ್ ಒಬ್ಬಳೇ, ಅದೂ ಯಾರೂ ಇಲ್ಲದಾಗ. ಉಳಿದವರಿಗೆ ಚೆಬೆತ್.

ಮೊನ್ನೆ ಮೊನ್ನೆಯ ಮಾತು. ಸಂಜೆ ನಾನು ಅಂಗಡಿಯಲ್ಲಿ ಕೂತಿದ್ದೆ. ಮಗು ಅಜ್ಜಿಯ ಮಡಿಲಲ್ಲಿ, ಕೈಗೆ ಸಿಕ್ಕ ಜೋತುಗಿವಿಯನ್ನು ಹಿಡಿದು ಎಳೆಯುತ್ತಿತ್ತು. ತಪ್ಕಿಗೆನ್ ಬೆರಳನ್ನು ಮುರ್ಸಿಕ್‌ನಲ್ಲಿ ಅದ್ದಿ ಮಗುವಿನ ತುಟಿಗೆ ಸವರಿದಳು. ಮಗು ಮುಖ ಕಿವುಚಿತು. ನಾನು ನಕ್ಕೆ. ಕೆಲಸ ಮುಗಿಸಿ ಮಟಾಟುವಿನಿಂದ ಇಳಿದ ಮರ್ಸಿ ನಮ್ಮ ಬೆನ್ನ ಹಿಂದೆ ನಿಂತಿದ್ದಳು.

"ಏನ್ ಮಾಡ್ತಿದ್ದೀರಿ! ಬುದ್ಧಿ ಇದೆಯಾ ನಿಮಗೆ? ಈಗಷ್ಟೇ ಕಕ್ಕೋದು ನಿಲ್ಸಿದೆ. ಮತ್ತೆ ಶುರುವಾದ್ರೆ ಕೊಬಿಲೊನ ಎತ್ಕೊಂಡು ಓಡಾಡೋರು ಯಾರು, ನೀವಾ, ಈ ಮಂಡಿ ಇಟ್ಕೊಂಡು? ಮಾಮಾ ವತ್ಸಲಾ, ನಿಮ್ಮ ಮಗಳು ಡಾಕ್ಟರ್, ನೀವೂ ನೋಡ್ಕೊಂಡು ನಗ್ತಿದ್ದೀರಲ್ಲ!"

ಅಂದವಳೇ ತನ್ನ ಮಾತು ತನಗೇ ಕೇಳಿ ನಿಂತುಬಿಟ್ಟಳು. ಕೈ ಬಾಯಿಗೆ ಹೋಯಿತು. ಅತ್ತೆಯ ಬಾಯಿಯನ್ನೇ ನೋಡುತ್ತ ನಿಂತಳು, ಅಲ್ಲಿಂದ ಏನು ಹೊರಡುತ್ತದೋ ಎಂದು.

ತಪ್ಕಿಗೆನ್‌ಗೂ ಗೊತ್ತು. ಒಳ್ಳೆಯದಾಗಲಿ ಎಂದರೂ ಮರ್ಸಿ ನಡುಗುತ್ತಾಳೆ. ಸುಮ್ಮನಿದ್ದರೆ ಇನ್ನೂ ಹೆಚ್ಚು ನಡುಗುತ್ತಾಳೆ. ಆಕೆ ಬೆರಳನ್ನು ಲಂಗಕ್ಕೆ ಒರೆಸಿಕೊಂಡು, ಗಂಟಲು ಸರಿಮಾಡಿ, ನನಗೆ ಹೇಳಿದಳು: "ನೋಡಿದ್ರಾ ಮಾಮಾ ವತ್ಸಲಾ? ಅವಳಮ್ಮನ ಗಂಟಲು ಹಾಗೇ ಇಳಿದು ಬಂದಿದೆ. ಆ ಹೆಂಗಸು ಬೊಮೆತ್‌ನಲ್ಲಿ ಕೂಗಿದ್ರೆ ಇಲ್ಲಿ ನನ್ನ ಹಾಲು ಒಡೀತಿತ್ತು. ಈಗ ಮನೇಲೇ ಒಬ್ಬಳು."

ಮರ್ಸಿ ಬಾಯಿಯಿಂದ ಕೈ ತೆಗೆದಳು. ಆಮೇಲೆ, ಮೆಲ್ಲಗೆ, "ಬಂದಿದ್ರೆ ಬಂತು, ಏನೀಗ?" ಎಂದಳು. ಮಗುವನ್ನು ಕಿತ್ತುಕೊಂಡು, ತುಟಿ ಒರೆಸಿ, ಮೆಟ್ಟಿಲು ಹತ್ತುತ್ತ ಇನ್ನೂ ಏನೋ ಗೊಣಗಿದಳು. ಇದ್ದಿಲು, ಹೊಲಸು, ಮುದುಕಿಯರು ಎಂಬಂಥ ಮಾತುಗಳು. ತಪ್ಕಿಗೆನ್ ಕತ್ತು ಮೇಲೆತ್ತಿ, ಕೊನೆಯ ಮಾತು ಮುಗಿಯುವವರೆಗೂ ಕೇಳಿದಳು.

ಅಷ್ಟರಲ್ಲಿ ಫೋನು ಬಂತು. ತಬಿತಾ. ಅವಳ ದೊಡ್ಡ ಗಂಟಲು ಎಷ್ಟು ತಗ್ಗಿದರೂ ಪಕ್ಕದಲ್ಲಿದ್ದ ನನಗೆ ಕೇಳುತ್ತಿತ್ತು. ಆರೋಗ್ಯವೇ, ದೇವರು ಚೆನ್ನಾಗಿಟ್ಟಿರಲಿ, ಮನೆಯವರಿಗೆಲ್ಲ ಶುಭವಾಗಲಿ.

ತಪ್ಕಿಗೆನ್ ನನ್ನ ಕಡೆ ಒಂದು ಸಲ ನೋಡಿದಳು. ಆಮೇಲೆ, ನನಗೂ ತಿಳಿಯಲೆಂದೇ ಇರಬೇಕು, ಸ್ವಾಹಿಲಿಯಲ್ಲಿ ಹೇಳಿದಳು: "ಶುಭ ಎಲ್ಲ ಇರ್ಲಿ ಮಾಮಾ ಮರ್ಸಿ. ನಿಮ್ಮ ಮಗಳಿಗೆ ಬಾಯಿ ಬಹಳ ಉದ್ದ ಇದೆ. ಯಾರು ಕಲಿಸಿದ್ದು? ಬಂದು ಸ್ವಲ್ಪ ಕತ್ತರಿಸಿ ಕೊಟ್ಟು ಹೋಗಿ. ನನ್ನ ಮುರ್ಸಿಕ್ ನಿಮಗೆ ಹಿಡಿಸಲ್ಲ ಅಂತ ಗೊತ್ತು. ಬರುವಾಗ ನಿಮ್ಮದೇ ತಗೊಂಡು ಬನ್ನಿ, ಯಾರದ್ದು ಇದ್ದಿಲ ನೀರು ಅಂತ ನೋಡೇಬಿಡೋಣ."

ಆ ಕಡೆ ಸದ್ದಿಲ್ಲ. ಒಂದು ಮಟಾಟು ಬಂದು ನಿಂತು, ಜನ ಇಳಿದು, ಜನ ಹತ್ತಿ, ಹೊರಟಿತು. ಆ ಕಡೆ ಇನ್ನೂ ಸದ್ದಿಲ್ಲ, ಆದರೆ ಫೋನು ಇಟ್ಟ ಸದ್ದೂ ಇಲ್ಲ. ಗಿರಾಕಿಯೊಬ್ಬ ಹಾಲು ಕೇಳಿದ. ತಪ್ಕಿಗೆನ್ ಕೈ ಎತ್ತಿ ಅವನನ್ನು ತಡೆದು, ಜೋತ ಕಿವಿಯನ್ನು ಪಕ್ಕಕ್ಕೆ ಸರಿಸಿ, ಫೋನನ್ನು ಇನ್ನೂ ಒತ್ತಿ ಹಿಡಿದುಕೊಂಡಳು.